ನೀರು ಬಸಿದ ಆಯಸ್ಸು

ಅಪ್ಪನ ಎಡಗೈಗೆ ಕಿವಿ ಹಚ್ಚಿದರೆ ಗುಂಯ್ ಅನ್ನುವ ಸದ್ದು ಕೇಳುತ್ತಿತ್ತು. ವಾಚು ಕಟ್ಟುವ ಜಾಗಕ್ಕಿಂತ ಎರಡು ಬೆರಳು ಮೇಲೆ. ಮುಟ್ಟಿದರೆ ಬೆರಳಿಗೂ ತಾಗುವ ಕಂಪನ, ಚರ್ಮದ ಕೆಳಗೆ ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ. ನನ್ನ ಮಗಳಿಗೆ ಆಗ ಐದು ವರ್ಷ. ಊರಿಗೆ ಹೋದ ತಕ್ಷಣ ತಾತನ ತೊಡೆ ಏರಿ ಆ ಕೈಯನ್ನು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದಳು. "ಶ್ರುತಿ ಸರಿಯಾಗಿ ಹಿಡಿದೈತಾ ನೋಡವ್ವ, ಕರಿ ಎರಡು" ಅನ್ನುತ್ತಿದ್ದ ಅಪ್ಪ. ಕರಿ ಎರಡು ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ ಎಂದು ಅವಳಿಗೆ ಗೊತ್ತಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

ಆ ಸದ್ದಿಗೆ ಕಾರಣ ಒಂದು ಸಣ್ಣ ಆಪರೇಷನ್ನು. ಹೃದಯದಿಂದ ರಭಸವಾಗಿ ರಕ್ತ ತರುವ ನಾಳವನ್ನೂ ನಿಧಾನಕ್ಕೆ ವಾಪಸು ಒಯ್ಯುವ ನಾಳವನ್ನೂ ಮಣಿಕಟ್ಟಿನ ಹತ್ತಿರ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ತೂಬು ತೆಗೆದ ಕೆರೆಯ ನೀರು ಕಾಲುವೆಗೆ ನುಗ್ಗಿದಂತೆ ರಕ್ತ ನುಗ್ಗುತ್ತದೆ. ಕೆಲವು ವಾರಗಳಲ್ಲಿ ಆ ಬಡಪಾಯಿ ನಾಳ ಹಗ್ಗದಷ್ಟು ದಪ್ಪವಾಗಿ, ವಾರಕ್ಕೆ ಆರು ದಪ್ಪ ಸೂಜಿ ಚುಚ್ಚಿಸಿಕೊಳ್ಳುವಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ. ನಮ್ಮೂರಿನವರ ಬಾಯಲ್ಲಿ 'ಪಿಸ್ತೂಲು'. "ಪಿಸ್ತೂಲ್ ಹಾಕಿಸ್ಕಂಡು ಬಂದವ್ನೆ" ಎಂದು ಅಪ್ಪನೇ ಹೇಳಿಕೊಂಡು ತಿರುಗುತ್ತಿದ್ದ.

2019ರ ಜುಲೈನಲ್ಲಿ ಶುರುವಾಗಿದ್ದು ಡಯಾಲಿಸಿಸ್, ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಲ್ಲಿ ರಕ್ತ ಸೋಸುವುದು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಒಳಗೊಳಗೇ ತನ್ನ ಕೆಲಸ ಮುಗಿಸಿತ್ತು. ಅಪ್ಪನಿಗೆ ಅರವತ್ತಾರು. ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ತೆಂಗಿನ ತೋಟ, ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಡಾಕ್ಟರು ಕಾಗದ ನೋಡಿ, "ಇನ್ನು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ" ಎಂದರು. "ಎಷ್ಟು ದಿನ ಸಾರ್?" ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು. ಆಗ ಅರ್ಥವಾಯಿತು: ದಿನ ಎಷ್ಟೋ ಅಷ್ಟು ದಿನ.

ಕೊಬ್ಬರಿ ಮಾಡುವುದನ್ನು ನೋಡಿಲ್ಲದವರಿಗೆ ಒಂದು ಮಾತು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ರಾಶಿ ಹಾಕಿ ಹತ್ತು ತಿಂಗಳು, ಒಂದೊಂದು ಸಲ ವರ್ಷ, ಸುಮ್ಮನೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು. ಪೂರ್ತಿ ಇಂಗಿದ ಮೇಲೆ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ, ಕುಲುಕಿದರೆ ಗಿಟುಕು ಲೊಡಲೊಡ ಅನ್ನುತ್ತದೆ. ನೀರಿರುವ ಕಾಯಿ ಒಡೆದರೆ ಎರಡು ದಿನಕ್ಕೆ ಹಳಸುತ್ತದೆ. ನೀರು ಹೋದ ಕೊಬ್ಬರಿ ತಿಂಗಳುಗಟ್ಟಲೆ ಇದ್ದು ಉತ್ತರ ಭಾರತದ ಮದುವೆಮನೆಯವರೆಗೆ ಹೋಗಿಬರುತ್ತದೆ. ಡಯಾಲಿಸಿಸ್ ಶುರುವಾದ ಮೂರನೇ ವಾರವೇ ಅಪ್ಪ ತೀರ್ಪು ಕೊಟ್ಟುಬಿಟ್ಟ: "ನನ್ನ ಅಟ್ಟಕ್ಕೆ ಹಾಕವ್ರೆ ಕಣ್ಲಾ."

ಅದು ನಿಜವೂ ಆಗಿತ್ತು. ಮೂತ್ರಪಿಂಡ ಕೈಕೊಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ದಿನಕ್ಕೆ ಒಂದು ಲೀಟರು. ಅದರಲ್ಲೇ ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ. ಅಮ್ಮ ಒಂದು ಉಪಾಯ ಕಂಡುಕೊಂಡಳು. ಬೆಳಿಗ್ಗೆ ಒಂದು ಬಾಟಲಿಗೆ ಲೀಟರು ನೀರು ತುಂಬಿಡುವುದು. ಅಪ್ಪ ಒಂದು ಲೋಟ ಕಾಫಿ ಕುಡಿದರೆ ಆ ಲೋಟದಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿಗಿಡಕ್ಕೆ ಹಾಕುವುದು. ಬಾಟಲಿ ಖಾಲಿಯಾದರೆ ದಿನದ ಲೆಕ್ಕ ಮುಗಿಯಿತು. ಬೇಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಮುಗಿದುಬಿಡುತ್ತಿತ್ತು. ತುಳಸಿ ಮಾತ್ರ ಆ ನಾಲ್ಕು ವರ್ಷ ಸೊಂಪಾಗಿತ್ತು.

ನೀರಿಗಿಂತ ದೊಡ್ಡ ಶತ್ರು ಪೊಟ್ಯಾಸಿಯಂ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯ ಮುನ್ಸೂಚನೆಯಿಲ್ಲದೆ ನಿಲ್ಲಬಹುದು. ಅದು ಯಾವುದರಲ್ಲಿದೆ ಎಂದು ಆಹಾರತಜ್ಞೆ ಪಟ್ಟಿ ಕೊಟ್ಟಾಗ ಅಮ್ಮ ಅತ್ತುಬಿಟ್ಟಳು. ಬಾಳೆಹಣ್ಣು, ಸೊಪ್ಪು, ಹುರುಳಿ, ಆಲೂಗೆಡ್ಡೆ, ಟೊಮೆಟೊ. ಪಟ್ಟಿಯ ಮೇಲ್ತುದಿಯಲ್ಲಿ, ಕೆಂಪು ಗೆರೆ ಎಳೆದು, ಎಳನೀರು. ಜೀವಮಾನವಿಡೀ ತೆಂಗು ಬೆಳೆದವನಿಗೆ.

ಅಡುಗೆಮನೆ ತಲೆಕೆಳಗಾಯಿತು. ನಮ್ಮ ಕಡೆ ಬಸ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ಬಸಿದ ನೀರಿಗೇ ಖಾರ ಕದಡಿ ಸಾರು ಮಾಡುವುದು. ರುಚಿಯೆಲ್ಲ ಆ ನೀರಲ್ಲೇ ಇರುತ್ತದೆ. ಈಗ ಆ ನೀರೇ ವಿಷ. ತರಕಾರಿ ಹೆಚ್ಚಿ ಗಂಟೆಗಟ್ಟಲೆ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ, ಅದನ್ನೂ ಚೆಲ್ಲಿ, ಉಳಿದ ಚರಟವನ್ನು ಅಪ್ಪನ ತಟ್ಟೆಗೆ. ಮುದ್ದೆ ಚಿಕ್ಕದಾಯಿತು. ಉಪ್ಪಿನಕಾಯಿ ಜಾಡಿ ಮೇಲಿನ ಗೂಡಿಗೆ ಹೋಯಿತು. "ಬಸ್ಸಾರಲ್ಲಿ ಬಸಿಯೋದು ಇಟ್ಕಂಡು ಸಾರು ಬಿಟ್ರೆ ಅದನ್ನ ಏನಂತ ಕರೀಬೇಕು?" ಎಂದು ಅಪ್ಪ ಕೇಳುತ್ತಿದ್ದ. ಯಾರೂ ಉತ್ತರ ಕೊಡುತ್ತಿರಲಿಲ್ಲ.

ಆಯಸ್ಸನ್ನು ಹಿಗ್ಗಿಸುವುದು ಎಂದಾಗ ನಾವು ಏನನ್ನೋ ಸೇರಿಸುವ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಅಮೃತ, ಸಂಜೀವಿನಿ, ಚ್ಯವನಪ್ರಾಶ. ನಾನು ಕಂಡದ್ದೆಲ್ಲ ಕಳೆಯುವ ಲೆಕ್ಕ.

*

ಈ ಯಂತ್ರದ ಕತೆಯನ್ನು ನಾನು ಓದಿಕೊಂಡಿದ್ದು ಅಲ್ಲೇ, ಡಯಾಲಿಸಿಸ್ ಘಟಕದ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ. ನಾಲ್ಕು ಗಂಟೆ ಬಹಳ ದೊಡ್ಡದು, ಫೋನಿನಲ್ಲಿ ಏನಾದರೂ ಓದಲೇಬೇಕು.

ವಿಲೆಮ್ ಕಾಲ್ಫ್ ಎಂಬ ಡಚ್ ವೈದ್ಯ. 1938ರಲ್ಲಿ, ಇನ್ನೂ ಎಳೆಯ ವೈದ್ಯನಾಗಿದ್ದಾಗ, ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮೂತ್ರಪಿಂಡ ಕೆಟ್ಟು ತನ್ನ ಕಣ್ಣೆದುರೇ ಸಾಯುವುದನ್ನು ನೋಡಿದ. ಏನೂ ಮಾಡಲಾಗಲಿಲ್ಲ. ರಕ್ತದಲ್ಲಿ ಉಳಿಯುವ ಯೂರಿಯಾ ಎಂಬ ಕಸವನ್ನು ದಿನಕ್ಕಿಷ್ಟು ಹೊರಗೆ ತೆಗೆಯುವಂತಿದ್ದರೆ ಈ ಹುಡುಗ ಬದುಕುತ್ತಿದ್ದನಲ್ಲ ಎಂಬ ಲೆಕ್ಕ ತಲೆಯಲ್ಲಿ ಉಳಿಯಿತು. ಆಮೇಲೆ ಯುದ್ಧ ಬಂತು. ನೆದರ್‌ಲ್ಯಾಂಡ್ಸ್ ನಾಜಿಗಳ ಕೈಗೆ ಹೋಯಿತು. ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, ಏನೂ ಸಿಗದ ಆ ಕಾಲದಲ್ಲಿ, ಆತ ಸಾಸೇಜಿನ ಹೊದಿಕೆಗೆ ಬಳಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅದು ತಿರುಗುವಂತೆ ಮಾಡಿದ. ಕೊಳವೆಯೊಳಗೆ ರೋಗಿಯ ರಕ್ತ, ಹೊರಗೆ ಉಪ್ಪುನೀರು. ಕಸ ಸೆಲೊಫೇನಿನ ಸೂಕ್ಷ್ಮ ರಂಧ್ರಗಳಿಂದ ಈಚೆ ಬರುತ್ತದೆ, ರಕ್ತಕಣ ಒಳಗೇ ಉಳಿಯುತ್ತದೆ. ನಮ್ಮ ಜರಡಿಯ ತತ್ವವೇ.

1943ರಲ್ಲಿ ಶುರು ಮಾಡಿದ. ಹೆಚ್ಚುಕಡಿಮೆ ಎಲ್ಲರೂ ಸತ್ತರು. ಈ ಯಂತ್ರದಿಂದಲೇ ಬದುಕಿದರು ಎಂದು ಹೇಳಬಹುದಾದ ಮೊದಲ ವ್ಯಕ್ತಿ ಸಿಕ್ಕಿದ್ದು 1945ರಲ್ಲಿ, ಹದಿನೇಳನೆಯವರಾಗಿ: ಅರವತ್ತೇಳು ವರ್ಷದ ಒಬ್ಬ ಹೆಂಗಸು. ನಾಜಿಗಳ ಜೊತೆ ಸೇರಿದ್ದಳೆಂದು ಸೆರೆಯಲ್ಲಿದ್ದವಳು. ಊರಿಗೆ ಊರೇ ದ್ವೇಷಿಸುತ್ತಿದ್ದ ಆಕೆಯನ್ನು ಕಾಲ್ಫ್ ಉಳಿಸಿದ. ಪ್ರಜ್ಞೆ ಬಂದೊಡನೆ ಆಕೆ ಹೇಳಿದ್ದು "ಗಂಡನನ್ನು ಬಿಡುತ್ತೇನೆ" ಎಂದಂತೆ. ಬಿಟ್ಟಳು ಕೂಡ, ಇನ್ನೂ ಕೆಲವು ವರ್ಷ ಬದುಕಿದಳು. ಇದನ್ನು ಹೇಳಿದಾಗ ಅಪ್ಪ ಎಷ್ಟು ನಕ್ಕನೆಂದರೆ ಯಂತ್ರ ಪೀಂ ಪೀಂ ಎಂದು ಹೊಡೆದುಕೊಂಡು ಸಿಸ್ಟರ್ ಓಡಿಬಂದರು.

ಆದರೆ ಕಾಲ್ಫನ ಯಂತ್ರ ಕೆಲವು ದಿನದ ಮಟ್ಟಿಗೆ ಮಾತ್ರ. ಪ್ರತಿ ಸಲವೂ ರಕ್ತನಾಳ ಕೊಯ್ದು ಕೊಳವೆ ತೂರಿಸಬೇಕು, ಆ ನಾಳ ಅಲ್ಲಿಗೆ ಮುಗಿಯಿತು. ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳುವವರಿಗೆ ಸರಿ, ಪೂರ್ತಿ ಹೋದವರಿಗೆ ಪ್ರಯೋಜನವಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಕಾಯಂ ಉಳಿಯುವ ಟೆಫ್ಲಾನ್ ಕೊಳವೆ ಇಟ್ಟ. ಬೋಯಿಂಗ್ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್ ಮೊದಲನೆಯವ. ಸಾವಿನ ಬಾಗಿಲಲ್ಲಿದ್ದ ಮನುಷ್ಯ ಮುಂದೆ 11 ವರ್ಷ ಬದುಕಿದ. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೇಷಿಯಾ, ಸಿಮಿನೊ ಮತ್ತವರ ಜೊತೆಗಾರರು, ಹೊರಗಿನ ಕೊಳವೆಯೇ ಬೇಡ, ದೇಹದ ನಾಳಗಳನ್ನೇ ಒಂದಕ್ಕೊಂದು ಹೊಲಿಯೋಣ ಎಂದರು. ನನ್ನ ಮಗಳು ಕಿವಿಗೊಟ್ಟು ಕೇಳುತ್ತಿದ್ದ ಶ್ರುತಿ ಅಲ್ಲಿಂದ ಬಂದದ್ದು.

ನಡುವೆ ಒಂದು ಇರುಸುಮುರುಸಿನ ಅಧ್ಯಾಯವಿದೆ. 1962ರಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಯಂತ್ರಗಳು ಕೆಲವೇ, ಸಾಯುತ್ತಿರುವವರು ಬಹಳ. ಯಾರನ್ನು ಒಳಗೆ ಬಿಡುವುದು? ಊರಿನ ಏಳು ಜನರ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ, ಹೀಗೆ. ಹೆಸರು ಹೊರಗೆ ಬಿಡುವಂತಿಲ್ಲ. ಅವರು ಕೂತು ನೋಡಿದ್ದು: ಮದುವೆಯಾಗಿದೆಯೇ, ಮಕ್ಕಳೆಷ್ಟು, ದುಡಿಮೆ ಏನು, ಓದು ಎಷ್ಟು, ಚರ್ಚಿಗೆ ಹೋಗುತ್ತಾನೋ ಇಲ್ಲವೋ. ನಲವತ್ತೈದು ದಾಟಿದವರ ಕಾಗದ ಅವರ ಮೇಜಿನ ತನಕ ಬರುತ್ತಲೇ ಇರಲಿಲ್ಲ. ಅಪ್ಪ ಅಲ್ಲಿ ಹುಟ್ಟಿದ್ದರೆ ಅರ್ಜಿಯೇ ತಿರಸ್ಕೃತ.

ನಮ್ಮ ಘಟಕದಲ್ಲಿ ಸಮಿತಿ ಇರಲಿಲ್ಲ, ಬ್ಯಾಚು ಇತ್ತು. ಸೋಮ-ಬುಧ-ಶುಕ್ರ ಒಂದು, ಮಂಗಳ-ಗುರು-ಶನಿ ಇನ್ನೊಂದು. ಅಪ್ಪನದು ಮೊದಲನೆಯದು. ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್, ಆಚೆ ಮಗ್ಗುಲಲ್ಲಿ ಬಿ.ಇಡಿ. ಓದುತ್ತಿದ್ದ ಒಂದು ಹುಡುಗಿ. ರಕ್ತ ಸೋಸುವ ಡಯಲೈಸರ್ ಅನ್ನುವ ದಪ್ಪ ಕೊಳವೆಯನ್ನು ನಮ್ಮಲ್ಲಿ ಒಂದೇ ಸಲಕ್ಕೆ ಬಿಸಾಡುವುದಿಲ್ಲ. ತೊಳೆದು, ಔಷಧಿ ತುಂಬಿ, ಅದೇ ರೋಗಿಗೆ ಮತ್ತೆ ಮತ್ತೆ ಬಳಸುತ್ತಾರೆ. ಮೇಲೆ ಮಾರ್ಕರಿನಲ್ಲಿ ಹೆಸರು, ಪಕ್ಕದಲ್ಲಿ ಎಷ್ಟನೇ ಸಲ ಎಂಬ ಅಂಕಿ. ಅಂಕಿ ಏರುತ್ತಾ ಹೋದಂತೆ ಕಂಡಕ್ಟರು, "ನಂದಿದು ಆರನೇ ಟ್ರಿಪ್ಪು, ನಿಮ್ದು ಎಷ್ಟನೇದು ಗೌಡ್ರೆ?" ಎನ್ನುತ್ತಿದ್ದರು. ಒಂದು ಶುಕ್ರವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಹಾಗೆ ಕೇಳುವ ಪದ್ಧತಿಯಿಲ್ಲ.

*

ಇನ್ನು ನಾನು ಮುಂದೂಡುತ್ತಾ ಬಂದ ಭಾಗ.

ಡಯಾಲಿಸಿಸ್‌ಗಿಂತ ಒಳ್ಳೆಯ ದಾರಿ ಇದ್ದೇ ಇತ್ತು, ಮೂತ್ರಪಿಂಡದ ಕಸಿ. 1994ರ ಕಾನೂನಿನ ಪ್ರಕಾರ ಹತ್ತಿರದ ರಕ್ತಸಂಬಂಧಿಗಳು, ಗಂಡ ಹೆಂಡತಿ ಕೊಡಬಹುದು. ಇಲ್ಲವೇ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ, ಯಾರದೋ ಮೆದುಳು ನಿಷ್ಕ್ರಿಯವಾಗಿ ಅವರ ಮನೆಯವರು ದೊಡ್ಡ ಮನಸ್ಸು ಮಾಡುವುದನ್ನು ಕಾಯಬೇಕು. ಅಮ್ಮನಿಗೂ ಸಕ್ಕರೆ, ಆಕೆ ಕೊಡುವಂತಿಲ್ಲ. ನನ್ನದೂ ಅಪ್ಪನದೂ ಒಂದೇ ರಕ್ತದ ಗುಂಪು. ನನಗಾಗ ಮೂವತ್ತೆಂಟು, ಗಟ್ಟಿಮುಟ್ಟಾಗಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಜಗುಲಿ ಮೇಲೆ ಕೂತು ಹೇಳಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ: ಒಂದೇ ಮೂತ್ರಪಿಂಡದಲ್ಲಿ ಎಷ್ಟೋ ಜನ ಬದುಕುತ್ತಾರೆ, ತಿಂಗಳಿಗೆಲ್ಲ ಕೆಲಸಕ್ಕೆ ಹೋಗಬಹುದು. ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು.

ಅಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಯಯಾತಿಯ ಕತೆಗೆ ಹೋದ. ಅವನು ಹಾಗೇ, ನೇರವಾಗಿ ಇಲ್ಲ ಎನ್ನುವ ಬದಲು ಮಹಾಭಾರತದೊಳಗೆ ನುಗ್ಗಿಬಿಡುತ್ತಾನೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದಾಗ ಯಯಾತಿ ಐದು ಮಕ್ಕಳನ್ನು ಕರೆದು ಯೌವನ ಕೇಳಿದ. ಯದು, ತುರ್ವಸು, ದ್ರುಹ್ಯು, ಅನು ಆಗುವುದಿಲ್ಲ ಎಂದರು. ಕಿರಿಯವ ಪುರು ಕೊಟ್ಟ. ಸಾವಿರ ವರ್ಷ ಮಗನ ಯೌವನದಲ್ಲಿ ಮೆರೆದ ಅಪ್ಪ, ಕೊನೆಗೆ, ತುಪ್ಪ ಸುರಿದರೆ ಬೆಂಕಿ ಆರುವುದಿಲ್ಲ ಎಂದು ಅರಿತು ವಾಪಸು ಕೊಟ್ಟ.

"ಪುರೂನ ಎಲ್ರೂ ಹೊಗಳ್ತಾರೆ. ಇಸ್ಕಂಡೋನ್ನ ಯಾರಾದ್ರೂ ಹೊಗಳಿದ್ದು ಕೇಳಿದ್ಯಾ?" ಎಂದ. ಆಮೇಲೆ ಎಲೆ ಉಗುಳಿ ಬಂದು, "ಇನ್ನೊಂದು ತಿಳ್ಕ. ಕೊಡಕ್ಕಿಲ್ಲ ಅಂದ್ನಲ್ಲ ಯದು, ಅವನ ವಂಶದಲ್ಲೇ ಕೃಷ್ಣ ಹುಟ್ಟಿದ್ದು. ಹೋಗು, ಉಣ್ಣೋಗು."

ಮಾತು ಅಲ್ಲಿಗೆ ಮುಗಿಯಿತು. ನಾನು ಇನ್ನೊಂದು ಸಲ ಒತ್ತಾಯಿಸಬಹುದಿತ್ತು. ಡಾಕ್ಟರ ಕೈಲಿ ಹೇಳಿಸಬಹುದಿತ್ತು, ಸೋದರಮಾವನನ್ನು ಕರೆಸಬಹುದಿತ್ತು. ಮಾಡಲಿಲ್ಲ. ಒಳಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ಆದರೆ ಇಬ್ಬರ ಎದೆಯ ಭಾರವೂ ಇಳಿದಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ತಿಳಿದ ಹುಡುಗನ ಸಮಾಧಾನ ನನ್ನದು. ಇದನ್ನು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ಕೊಡದೇ ಹೋದ ಮೂತ್ರಪಿಂಡದ ಬದಲಿಗೆ ನಾನು ಅಪ್ಪನಿಗೆ ಕೊಟ್ಟಿದ್ದು ಶಿಸ್ತು. ಫೋನಿನಲ್ಲಿ ಅಲಾರಂ, ಎಕ್ಸೆಲ್ ಹಾಳೆಯಲ್ಲಿ ತೂಕ. ಡಯಾಲಿಸಿಸ್‌ಗೆ ಮುಂಚೆ ಎಷ್ಟು, ಆಮೇಲೆ ಎಷ್ಟು, 'ಡ್ರೈ ವೇಟ್'ಗಿಂತ, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕಕ್ಕಿಂತ, ಎಷ್ಟು ಹೆಚ್ಚು. ದಿನಾ ಸಂಜೆ ಏಳಕ್ಕೆ ಕರೆ ಮಾಡಿ, "ಬಾಟ್ಲಿ ಎಷ್ಟೈತೆ?" ಎಂದು ಕೇಳುವುದು. ಊರಿಗೆ ಹೋದರೆ ತೋಟದ ಹತ್ತಿರ ಕತ್ತಿ ಹಿಡಿದ ಆಳು ಅಪ್ಪನ ಬಳಿ ನಿಂತಿದ್ದರೂ ಎಳನೀರಿನ ಅನುಮಾನ. ಲಾಕ್‌ಡೌನಿನಲ್ಲಿ ಪೊಲೀಸರ ಬ್ಯಾರಿಕೇಡಿಗೆ ತೋರಿಸಲು ಆಸ್ಪತ್ರೆಯ ಚೀಟಿಗಳನ್ನು ಲ್ಯಾಮಿನೇಟ್ ಮಾಡಿಸಿದ್ದೆ. ಒಂದು ಸೆಷನ್ನೂ ತಪ್ಪಲಿಲ್ಲ. ಅದಕ್ಕೆ ನನಗೆ ಬಹಳ ಹೆಮ್ಮೆಯಿತ್ತು.

*

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪದ ಕಲಿಸಿ, ಸೀನರಿ ಬಾಡಿಗೆಗೆ ತಂದು, ರಾತ್ರಿಯಿಡೀ ಆಡುವ ನಾಟಕ. ಪಾತ್ರಕ್ಕೆ ಹಣ ಕಟ್ಟಬೇಕು, ಕೃಷ್ಣನಿಗೂ ದುರ್ಯೋಧನನಿಗೂ ದರ ಹೆಚ್ಚು. ಅಪ್ಪ ಕಟ್ಟುತ್ತಿದ್ದದ್ದು ಭೀಷ್ಮನ ಪಾತ್ರಕ್ಕೆ. ನಮ್ಮೂರಿನ ಮೇಷ್ಟ್ರು ಅಪ್ಪನ ದನಿ ನೋಡಿ ಶರಶಯ್ಯೆಯ ದೃಶ್ಯವೊಂದನ್ನು ತಾವೇ ಸೇರಿಸಿದ್ದರು. ಅಡಿಕೆ ದಬ್ಬೆಯ ಬಾಣಗಳ ಮಂಚ, ಅದರ ಮೇಲೆ ಮಲಗಿಕೊಂಡೇ ಅಪ್ಪ ಹಾಡುತ್ತಿದ್ದ.

ಇಚ್ಛಾಮರಣಿ ಭೀಷ್ಮ. ಆ ವರ ಅವನಿಗೆ ಸಿಕ್ಕಿದ್ದಾದರೂ ಹೇಗೆ? ಮುದಿ ಅಪ್ಪ ಶಂತನುವಿನ ಮದುವೆಗಾಗಿ ರಾಜ್ಯ, ಸಂಸಾರ ಎರಡನ್ನೂ ಬಿಟ್ಟುಕೊಟ್ಟದ್ದಕ್ಕೆ. ಶಂತನು ಅದೇ ಪುರುವಿನ ವಂಶದವನು. ಆ ಮನೆತನದ ಅಪ್ಪಂದಿರಿಗೆ ಮಕ್ಕಳಿಂದ ಇಸಿದುಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಹತ್ತನೇ ದಿನ ಬಿದ್ದವನು ಉತ್ತರಾಯಣ ಬರಲಿ ಎಂದು 58 ರಾತ್ರಿ ಬಾಣಗಳ ಮೇಲೆಯೇ ಜೀವ ಹಿಡಿದುಕೊಂಡ. ಬಿದ್ದ ಮರುದಿನ ಅವನು ಕೇಳಿದ್ದು ನೀರು. ರಾಜರು ತಂಪು ನೀರು, ಭಕ್ಷ್ಯ ತಂದರೆ ಬೇಡವೆಂದ. ಅರ್ಜುನ ನೆಲಕ್ಕೆ ಬಾಣ ಹೊಡೆದು ಚಿಮ್ಮಿಸಿದ ನೀರು ಕುಡಿದ.

2022ರ ಜಾತ್ರೆಗೆ ಊರಿನಲ್ಲಿ ಮತ್ತೆ ಕುರುಕ್ಷೇತ್ರ. ಕೊರೋನಾ ಎರಡು ವರ್ಷ ನುಂಗಿತ್ತು. ಹಾಗಾಗಿ ಹುಡುಗರಿಗೆ ಹುಮ್ಮಸ್ಸು. ಭೀಷ್ಮನ ಪಾತ್ರ ಬೇರೆಯವರಿಗೆ ಹೋಗಿತ್ತು. ನಾಟಕ ಶುಕ್ರವಾರ ರಾತ್ರಿ. ಶುಕ್ರವಾರ ಅಪ್ಪನ ಡಯಾಲಿಸಿಸ್ ದಿನ. ಮುಗಿಸಿ ಬಂದರೆ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ, ಹಿಂಡಿದ ಬಟ್ಟೆಯಂತಾಗಿ ಬೆಳಗಿನ ತನಕ ಬಿದ್ದುಕೊಳ್ಳುತ್ತಿದ್ದ. "ಈ ಶುಕ್ರವಾರ ಹೋಗಕ್ಕಿಲ್ಲ" ಎಂದು ಅಮ್ಮನ ಹತ್ತಿರ ಹೇಳಿ, ನನಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ಬುಧವಾರದಿಂದ ಸೋಮವಾರದವರೆಗೆ, ಐದು ದಿನ. ಶನಿ-ಭಾನುವಾರದ ಎರಡು ದಿನದ ಬಿಡುವು ದಾಟುವುದೇ ಡಯಾಲಿಸಿಸ್ ರೋಗಿಗಳಿಗೆ ಅಪಾಯ.

ಶುಕ್ರವಾರ ರಾತ್ರಿ ಅಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿ, ಶಾಲು ಹೊದ್ದು, ಬೆಳಗಿನ ಜಾವದವರೆಗೆ ನಾಟಕ ನೋಡಿದ. ಶರಶಯ್ಯೆಯ ದೃಶ್ಯ ಬಂದಾಗ ಹೊಸ ಭೀಷ್ಮ ಎರಡನೇ ಚರಣ ಮರೆತನಂತೆ. ಕೆಳಗಿನಿಂದಲೇ ಅಪ್ಪ ಎತ್ತಿಕೊಟ್ಟನಂತೆ. ಮೇಷ್ಟ್ರು ಪೆಟ್ಟಿಗೆ ನಿಲ್ಲಿಸದೆ ಅವನ ಕಡೆ ತಿರುಗಿ ಶ್ರುತಿ ಕೊಟ್ಟರಂತೆ. ಪೂರ್ತಿ ಪದ ಅಪ್ಪ ಕುರ್ಚಿಯಲ್ಲಿ ಕೂತೇ ಹಾಡಿದ, ಮೇಲಿದ್ದವನು ಬಾಯಿ ಆಡಿಸಿದ. ಜನ ಶಿಳ್ಳೆ ಹೊಡೆದರು. ಶನಿವಾರ ಬೆಳಿಗ್ಗೆ ತೋಟಕ್ಕೆ ಹೋಗಿ, ಯಾರ ಕೈಲೋ ಕೆಡವಿಸಿ, ಎರಡು ಎಳನೀರು ಕುಡಿದ. ಎರಡು!

ನನಗೆ ಫೋನು ಬಂದದ್ದು ಆ ರಾತ್ರಿ ಮೂರಕ್ಕೆ. ಉಸಿರು ಸಿಗುತ್ತಿಲ್ಲ, ಕೂತರೂ ಆಗುತ್ತಿಲ್ಲ, ಮಲಗಿದರೂ ಆಗುತ್ತಿಲ್ಲ. ನಾನು ಬೆಂಗಳೂರಿನಿಂದ ಹೋಗಿ ತಲುಪುವ ಹೊತ್ತಿಗೆ ತುರ್ತು ಡಯಾಲಿಸಿಸ್ ಹಾಕಿದ್ದರು. ಮೂಗಿಗೆ ಆಕ್ಸಿಜನ್, ಎದೆಗೆ ವೈರುಗಳು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟು ನನ್ನ ನೋಡಿ, "ಎಡ್ನೇ ಚರಣ ಮರ್ತಬುಟ್ಟ ಮುಂಡೇದು" ಎಂದ.

ನಾನು ಕೂಗಾಡಿದೆ. ವಾರ್ಡಿನಲ್ಲಿ, ಎಲ್ಲರ ಮುಂದೆ. ಮೂರು ವರ್ಷ ಒಂದು ದಿನ ತಪ್ಪಿಸದೆ ಕಾಪಾಡಿದ್ದೇನೆ, ನಿನಗೆ ಒಂದು ನಾಟಕ ಹೆಚ್ಚಾಯಿತಾ, ಎರಡು ಎಳನೀರು ಹೆಚ್ಚಾಯಿತಾ, ಅಮ್ಮನ ಗತಿಯೇನು, ನನ್ನ ಗತಿಯೇನು ಎಂದೆಲ್ಲ. ಅಪ್ಪ ಮುಖ ಆಚೆ ತಿರುಗಿಸಿಕೊಂಡು ಕೇಳಿಸಿಕೊಂಡ. ನಾನು ಸುಮ್ಮನಾದ ಮೇಲೆ ಹೇಳಿದ:

"ನೀನು ಉಳಿಸ್ಕಳಕ್ಕೆ ನೋಡ್ತಿರೋದು ನನ್ನಲ್ಲ ಕಣೋ. ನಿಮ್ಮಪ್ಪನ್ನ."

ಬೈಗುಳ ಅಂದುಕೊಂಡೆ ಮೊದಲು. ದನಿಯಲ್ಲಿ ಬೈಗುಳ ಇರಲಿಲ್ಲ.

*

2023ರ ಮೇ ತಿಂಗಳು. ಅದೇ ಬೆಂಚು, ಅದೇ ಫೋನು. ಬ್ರಯಾನ್ ಜಾನ್ಸನ್ ಎಂಬ ಅಮೆರಿಕದ ಕೋಟ್ಯಧಿಪತಿ ಮುಪ್ಪನ್ನು ಹಿಂದಕ್ಕೆ ತಿರುಗಿಸಲು ಹದಿನೇಳು ವರ್ಷದ ತನ್ನ ಮಗನ ರಕ್ತದ ಪ್ಲಾಸ್ಮಾ ಹಾಕಿಸಿಕೊಂಡ ಸುದ್ದಿ. ತನ್ನ ಪ್ಲಾಸ್ಮಾವನ್ನು ತನ್ನ ಅಪ್ಪನಿಗೂ ಕೊಟ್ಟನಂತೆ. ಮೂರು ತಲೆಮಾರು ಒಟ್ಟಿಗೆ. (ಎರಡು ತಿಂಗಳಾದ ಮೇಲೆ, ನನಗೇನೂ ಲಾಭ ಕಾಣಲಿಲ್ಲ, ನಿಲ್ಲಿಸಿದೆ ಎಂದ. ನಮ್ಮ ಯಯಾತಿಗೆ ಸಾವಿರ ವರ್ಷ ಬೇಕಾಗಿತ್ತು, ಇವನು ಪರವಾಗಿಲ್ಲ.) ಅಪ್ಪನಿಗೆ ಹೇಳೋಣ ಎಂದು ಎದ್ದವನು ಬಾಗಿಲ ಗಾಜಿನಲ್ಲಿ ಅವನನ್ನು ನೋಡಿ ನಿಂತೆ. ಎರಡು ಸೂಜಿ, ಎರಡು ಕೆಂಪು ಕೊಳವೆ. ತುಟಿ ಒಣಗಿತ್ತು. ಒದ್ದೆ ಹತ್ತಿಯಿಂದ ಸಿಸ್ಟರ್ ಒರೆಸುತ್ತಿದ್ದರು.

ಅಲ್ಲಿಯವರೆಗೆ ಆ ಕತೆಯಲ್ಲಿ ನಾನು ಪುರುವೋ ಯದುವೋ ಎಂದೇ ತಲೆ ಕೆಡಿಸಿಕೊಂಡಿದ್ದೆ. ಕೊಡಬೇಕಾಗಿದ್ದ ಮಗ, ಕೊಡದೆ ಉಳಿದ ಮಗ. ಆ ಗಾಜಿನ ಈಚೆ ನಿಂತಾಗ ಮೊದಲ ಸಲ ಇನ್ನೊಂದು ಹೆಸರು ಹೊಳೆಯಿತು. ವರ್ಷಗಳನ್ನು ಕೇಳಿದವನು ನಾನು. ಅಪ್ಪ ಇರುವ ಮನೆ, ಅಪ್ಪ ಎತ್ತುವ ಫೋನು, ಇನ್ನೂ ಮಗನಾಗಿ ಉಳಿಯುವ ಸೌಕರ್ಯ, ಇವೆಲ್ಲ ನನಗೆ ಬೇಕಾಗಿದ್ದವು. ಅದಕ್ಕೆ ತೆತ್ತವನು ಅವನು: ನೀರು, ಉಪ್ಪು, ಸಾರು, ವಾರಕ್ಕೆ ಆರು ಸೂಜಿ. ಕೊಡುತ್ತೇನೆ ಎಂದೂ ಹೇಳದೆ, ಪದ ಹಾಡಿಕೊಂಡು ಕೊಟ್ಟ.

ಆಮೇಲೆ ನಾನು ಬಾಟಲಿ ಕೇಳುವುದನ್ನು ನಿಲ್ಲಿಸಿದೆ. ಸಂಜೆ ಏಳರ ಫೋನಿನಲ್ಲಿ ಏನು ಮಾತಾಡಬೇಕೆಂದು ಮೊದಮೊದಲು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ಅವನೇ ದಾರಿ ಹುಡುಕಿದ. ದಿನಕ್ಕೊಂದು ಪದ ಹೇಳಿಕೊಡುತ್ತಿದ್ದ. ನನಗೆ ಸ್ವರ ಬರುವುದಿಲ್ಲ, ಅವನಿಗೂ ಅದು ಗೊತ್ತು. ಮೂರು ತಿಂಗಳು ನಡೆಯಿತು.

ಆಗಸ್ಟಿನ ಒಂದು ಸೋಮವಾರ, ಬೆಳಿಗ್ಗೆ ಐದೂವರೆ. ಡಯಾಲಿಸಿಸ್ ಬ್ಯಾಗು ಬಾಗಿಲ ಬಳಿ ರೆಡಿ ಇತ್ತು. ಬಚ್ಚಲಿಗೆ ಹೋಗಿಬಂದು ಮಂಚದ ಮೇಲೆ ಕೂತವನು ಹಾಗೇ ಒರಗಿದ. ವಾರಾಂತ್ಯವೆಂದು ನಾನು ಊರಲ್ಲೇ ಇದ್ದೆ. ಮೂಗಿನ ಬಳಿ ಬೆರಳು ಹಿಡಿಯುವ ಮೊದಲು ನನ್ನ ಕೈ ಹೋಗಿದ್ದು ಅವನ ಎಡ ಮಣಿಕಟ್ಟಿಗೆ. ಸದ್ದು ನಿಂತಿತ್ತು.

ಗೋಡೆಯ ಕ್ಯಾಲೆಂಡರುಗಳಲ್ಲಿ ಅಮ್ಮ ಡಯಾಲಿಸಿಸ್ ಆದ ದಿನಕ್ಕೆಲ್ಲ ಗುಂಡಗೆ ಸುತ್ತಿದ್ದಳು. ಎಣಿಸಿದರೆ ಆರುನೂರಕ್ಕೆ ಮೇಲೆ. ಗಂಟೆ ಲೆಕ್ಕ ಹಾಕಿದರೆ ನೂರು ದಿನ ಹಗಲೂ ರಾತ್ರಿ ಯಂತ್ರಕ್ಕೆ ಕಟ್ಟಿಸಿಕೊಂಡ ಹಾಗೆ. ಪುರೋಹಿತರು ಬಂದು ಪಂಚಾಂಗ ತೆಗೆದು ತಲೆ ಕೆರೆದುಕೊಂಡರು. ಉತ್ತರಾಯಣದ ಮಾತು ಬಿಡಿ, ದಕ್ಷಿಣಾಯನ. ಅದರಲ್ಲೂ ಅಧಿಕ ಶ್ರಾವಣ. ಚಂದ್ರನ ವರ್ಷ ಸೂರ್ಯನದಕ್ಕಿಂತ ಹನ್ನೊಂದು ದಿನ ಗಿಡ್ಡ, ಆ ಸಾಲ ತೀರಿಸಲು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಸೇರಿಸುವ ತಿಂಗಳು. ವರ್ಷದ ತಿಥಿಯನ್ನು ನಿಜ ಶ್ರಾವಣದಲ್ಲಿ ಮಾಡಿ ಎಂದು ಹೇಳಿ ಹೋದರು. ಎಕ್ಸ್‌ಟ್ರಾ ತಿಂಗಳಲ್ಲಿ ಹೋದೆ ಎಂದು ಗೊತ್ತಾಗಿದ್ದರೆ ಅಪ್ಪ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ.

ಅಟ್ಟದ ಮೇಲೆ ಅವನು ಹಿಂದಿನ ವರ್ಷ ಹಾಕಿಸಿದ್ದ ಕಾಯಿ ಇತ್ತು. 2023ರಲ್ಲಿ ಕೊಬ್ಬರಿ ರೇಟು ನೆಲ ಕಚ್ಚಿತ್ತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750, ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು. "ಇರ್ಲಿ, ರೇಟು ಬರ್ಲಿ" ಎಂದು ಅಪ್ಪ ಇಳಿಸಿರಲಿಲ್ಲ. ಕಾರ್ಯ ಮುಗಿದ ತಿಂಗಳಿಗೆ ಅಮ್ಮ ಆಳು ಕರೆಸಿ, ಸುಲಿಸಿ, ಒಡೆಸಿ, ಸಿಕ್ಕ ರೇಟಿಗೆ ಕೊಟ್ಟುಬಿಟ್ಟಳು. ನಾನು ಸ್ವಲ್ಪ ತಡೆಯಮ್ಮಾ ಎಂದರೂ ಕೇಳಲಿಲ್ಲ.

2025ರಲ್ಲಿ ತಿಪಟೂರಿನಲ್ಲಿ ಕ್ವಿಂಟಾಲ್ ಕೊಬ್ಬರಿ 25,000 ದಾಟಿತು. ಪೇಪರು ಹಿಡಿದುಕೊಂಡು ಅಮ್ಮನಿಗೆ ತೋರಿಸಿದೆ. ಅಪ್ಪನ ಕಾಯಿ ಆವತ್ತು ಮಾರದೆ ಇಟ್ಟುಕೊಂಡಿದ್ದರೆ ಮೂರು ಪಟ್ಟು ಸಿಗುತ್ತಿತ್ತಲ್ಲಮ್ಮ ಎಂದೆ.

ಅಮ್ಮ ತುಳಸಿಗೆ ನೀರು ಹಾಕುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ಎರಡು ವರ್ಷ ಮಡಗಿದ್ರೆ ಕೊಬ್ಬರಿ ಎಲ್ಲಿರ್ತಿತ್ತಪ್ಪ, ಹುಳ ತಿಂದು ಪುಡಿಯಾಗಿರ್ತಿತ್ತು" ಎಂದಳು. "ಏಳು, ಕಾಯಿ ಕೆಡವೋನು ಬಂದವ್ನೆ. ಅವನಿಗೊಂದು ಎಳನೀರು ಕೊಡು, ನೀನೂ ಕುಡಿ."